ಕಂಸಾಳೆ ಎಲ್ಲೋಯ್ತು?

ಹಬ್ಬದ ದಿನಗಳಲ್ಲಿ ಕೊಳ್ಳೇಗಾಲದಿಂದ ಹನೂರಿನ ಕಡೆ ಬಸ್ಸಿನಲ್ಲಿ ಹೊರಟರೆ ಊರುಗಳು ಕಣ್ಣಿಗೆ ಬೀಳುವ ಮೊದಲೇ ಎದೆಗೆ ಬೀಳುತ್ತವೆ. ಪಕ್ಕೆಲುಬು ಡುಬ್ ಡುಬ್ ಎಂದು ಸುದ್ದಿ ಕೊಡುತ್ತದೆ, ಕಿಟಕಿಯ ಗಾಜು ಅದಕ್ಕೆ ತಾಳ ಹಾಕುತ್ತದೆ, ಊರಿನ ಬೋರ್ಡು ಬರುವುದು ಆಮೇಲೆ. ಯಾವ ಹಾಡೆಂದು ತಿಳಿಯಬೇಕಾದರೆ ಇಳಿದು ಹತ್ತಿರ ಹೋಗಬೇಕು. ಹೋದರೂ ತಿಳಿಯುತ್ತದೆಂಬ ಖಾತ್ರಿಯಿಲ್ಲ. ಸಂದಿಯಲ್ಲೆಲ್ಲೋ ‘ಉಘೇ ಉಘೇ’ ನುಸುಳಿ ಬಂದರೆ ಮಲೆ ಮಾದಪ್ಪನ ಹಾಡು, ಬರದಿದ್ದರೆ ಯಾವುದೋ ಸಿನಿಮಾದ್ದು. ಎರಡಕ್ಕೂ ಕುಣಿತ ಒಂದೇ.

ನಾನು ಮೈಕ್‌ಸೆಟ್ಟಿನ ಕಾಲದವನು. ಗುಡಿಯ ಮುಂದಿನ ಅರಳಿ ಮರಕ್ಕೆ ಎರಡು ಹಾರ್ನ್ ಕಟ್ಟಿ, ಕೆಳಗೊಂದು ಅಹುಜಾ ಆಂಪ್ಲಿಫೈಯರ್ ಇಟ್ಟರೆ ಹಬ್ಬ ಶುರುವಾದ ಹಾಗೆ. ಆ ಹಾರ್ನಿಗೆ ತಗ್ಗು ಸ್ವರ ಎಂಬುದು ಹುಟ್ಟಿನಿಂದಲೇ ಬಾರದು. ಹೆಚ್ಚುಕಮ್ಮಿ 300 ಹರ್ಟ್ಸ್‌ಗಿಂತ ಕೆಳಗಿನದು ಅದರ ಬಾಯಿಗೆ ದಕ್ಕುತ್ತಿರಲಿಲ್ಲ. ಹೀಗಾಗಿ ರಾಜಕುಮಾರರಿಂದ ಹಿಡಿದು ಊರ ಪಟೇಲರ ಭಾಷಣದವರೆಗೆ ಎಲ್ಲರದೂ ಮೂಗಿನ ದನಿ. ಆದರೆ ಕಂಚಿಗೆ ಮಾತ್ರ ಅದು ಹೇಳಿ ಮಾಡಿಸಿದ ಯಂತ್ರ. ಮಾದಪ್ಪನ ಹಾಡು ಹೇಳುವ ದೇವರಗುಡ್ಡರು ಮೈಕಿನ ಮುಂದೆ ಕೂತು ಕಂಚಿನ ತಾಳವಾದ ಕಂಸಾಳೆ ಹೊಡೆದರೆ ಆ ‘ಝಣ್’ ಎರಡು ಮೈಲಿ ಆಚೆಯ ರಾಗಿ ಹೊಲದಲ್ಲಿ ಕಳೆ ಕೀಳುವವರಿಗೂ ಮುಟ್ಟುತ್ತಿತ್ತು. 1996ರಲ್ಲಿ ‘ಜನುಮದ ಜೋಡಿ’ ಬಂದು, ಎಲ್.ಎನ್. ಶಾಸ್ತ್ರಿ ಹಾಡಿದ ‘ಕೋಲುಮಂಡೆ ಜಂಗಮ’ ನಾಡಿಗೆಲ್ಲ ಹಬ್ಬಿತು. ಶಾಸ್ತ್ರಿಯವರಿಗೆ ರಾಜ್ಯ ಪ್ರಶಸ್ತಿಯನ್ನೂ ತಂದ ಆ ಹಾಡನ್ನು ನಮ್ಮ ಕಡೆ ಕ್ಯಾಸೆಟ್ಟಿನ ರೀಲು ಸವೆಯುವವರೆಗೆ ಹಾರ್ನಿನಲ್ಲಿ ಹಾಕಿದರು. ಬೇಸ್ ಇತ್ತೋ ಇಲ್ಲವೋ ಯಾರೂ ಕೇಳಲಿಲ್ಲ.

ಈಗ ಬಾಕ್ಸುಗಳ ಕಾಲ. ಹದಿನೆಂಟು ಇಂಚಿನ ಸ್ಪೀಕರ್ ಜೋಡಿಯಾಗಿ ಕೂತ ಬೇಸ್ ಡಬ್ಬಗಳು ನೆಲದ ಮೇಲೆ, ಅವುಗಳ ನೆತ್ತಿಯ ಮೇಲೆ ಮೇಲುಸ್ವರದ ಟಾಪು, ಪಕ್ಕದ ಟಾಟಾ ಏಸ್‌ನಲ್ಲಿ ಜನರೇಟರು. ಊರವರೆಲ್ಲ ಇದನ್ನು ಕರೆಯುವುದು ‘ಡಿಜೆ’. ಬಾಕ್ಸೂ ಡಿಜೆ, ಅದನ್ನು ತಂದವನೂ ಡಿಜೆ, ಅದರಲ್ಲಿ ಬರುವ ಹಾಡೂ ಡಿಜೆ.

ನನ್ನ ತಂಗಿಯ ಮಗ ಇದರಲ್ಲಿ ಮೂರನೆಯ ಬಗೆಯದನ್ನು ತಯಾರಿಸುತ್ತಾನೆ. ಐಟಿಐ ಮುಗಿಸಿ, ಹಿಂದೆ ರೇಷ್ಮೆಹುಳ ಗೂಡು ಕಟ್ಟುವ ಚಂದ್ರಿಕೆಗಳನ್ನು ಪೇರಿಸಿಡುತ್ತಿದ್ದ ಹಿತ್ತಿಲ ಕೋಣೆಯಲ್ಲಿ ಒಂದು ಕಂಪ್ಯೂಟರು ಇಟ್ಟುಕೊಂಡು ಅದಕ್ಕೆ ಸ್ಟುಡಿಯೋ ಎಂದು ಹೆಸರಿಟ್ಟಿದ್ದಾನೆ. ಗೋಡೆಗೆಲ್ಲ ಮೊಟ್ಟೆ ಟ್ರೇ ಅಂಟಿಸಿದ್ದಾನೆ. ಟ್ರೇಗಾಗಿ ತಂದ ಮೊಟ್ಟೆಗಳನ್ನು ಏನು ಮಾಡುವುದೆಂದು ತಿಳಿಯದೆ ನನ್ನ ತಂಗಿ ಒಂದು ತಿಂಗಳು ಬೀದಿಗೆಲ್ಲ ಮೊಟ್ಟೆ ಸಾರು ಹಂಚಿದಳು. ಮೊಟ್ಟೆ ಟ್ರೇ ತೆಳುವಾದ ಕಾಗದದ್ದು. ಕೀರಲು ದನಿಯನ್ನು ಒಂದಿಷ್ಟು ಹೀರೀತೇ ಹೊರತು ಬೇಸನ್ನು ತಡೆಯುವ ತಾಕತ್ತು ಅದಕ್ಕಿಲ್ಲ. ಇದನ್ನು ನಾನು ಪುಸ್ತಕ ನೋಡಿಯೇ ಹೇಳಿದೆ. “ಎಲ್ಲಾ ಸ್ಟುಡಿಯೋದಲ್ಲೂ ಹಾಕ್ತಾರೆ ಮಾವ” ಎಂದ. ಆ ವಾದಕ್ಕೆ ಎದುರು ವಾದವಿಲ್ಲ.

ಅವನು ಮಾಡಿದ್ದು ಮಾದಪ್ಪನ ಹಾಡಿನ ಡಿಜೆ. ಪಕ್ಕದೂರಿನ ಗುಡ್ಡಪ್ಪನೊಬ್ಬರನ್ನು ಕರೆತಂದು, ಹಾಡಿಸಿ, ಕಂಸಾಳೆಯನ್ನು ಬೇರೆಯಾಗಿ ರೆಕಾರ್ಡ್ ಮಾಡಿಕೊಂಡ. ಗುಡ್ಡಪ್ಪ ಶುರು ಮಾಡಿದ್ದು ಉತ್ತರದೇಶದಿಂದ ಮಾದಪ್ಪ ಹೊರಟಲ್ಲಿಂದ. ಶ್ರವಣದೊರೆಯ ಸಂಹಾರ, ಬೇವಿನಹಟ್ಟಿ ಕಾಳಮ್ಮನ ಗರ್ವ, ಜುಂಜೇಗೌಡ, ಸಂಕಮ್ಮ ಎಲ್ಲ ದಾಟಿ ಎಪ್ಪತ್ತೇಳು ಮಲೆ ಹತ್ತಬೇಕಾದರೆ ರಾತ್ರಿಗಳೇ ಬೇಕು. ಪಿ.ಕೆ. ರಾಜಶೇಖರ ಅವರಂಥ ಜಾನಪದ ವಿದ್ವಾಂಸರು ಮಾದಪ್ಪನ ಆ ಕಾವ್ಯವನ್ನು ಸಂಗ್ರಹಿಸಿ ದಪ್ಪ ಪುಸ್ತಕವನ್ನೇ ಮಾಡಿದ್ದಾರೆ. ನಮ್ಮ ಹುಡುಗ ಅದರಲ್ಲಿ ನಾಲ್ಕು ಸಾಲು ಇಟ್ಟುಕೊಂಡ. ಉಳಿದ ಜಾಗದಲ್ಲಿ ಡುಬ್ ಡುಬ್, ಒಂದು ಸೈರನ್, ಹುಲಿ ಗರ್ಜನೆ ಮತ್ತು ಅರ್ಧ ನಿಮಿಷಕ್ಕೊಮ್ಮೆ ಅವನದೇ ಹೆಸರನ್ನು ಕೂಗುವ ಒಂದು ಹೆಂಗಸಿನ ದನಿ. ಈ ಹೆಂಗಸು ಯಾರೆಂದು ನನ್ನ ತಂಗಿ ಬಹಳ ದಿನ ವಿಚಾರಿಸಿದಳು. ಕಂಪ್ಯೂಟರೇ ಮಾತಾಡುವುದೆಂದು ಹೇಳಿದರೂ ಪೂರ್ತಿ ನಂಬಿದಂತಿಲ್ಲ.

ಹಾಡೆಲ್ಲ ಕೂಡಿಸಿದ ಮೇಲೆ ಕೊನೆಯದೊಂದು ಕೆಲಸ ಇರುತ್ತದಂತೆ, ಮಾಸ್ಟರಿಂಗ್. ಎಷ್ಟು ಜೋರು, ಯಾವ ಸ್ವರ ಮುಂದೆ, ಯಾವುದು ಹಿಂದೆ ಎಂದು ಕಟ್ಟಕಡೆಯದಾಗಿ ತೀರ್ಮಾನಿಸಿ ಮೊಹರು ಒತ್ತುವುದು. ಇದನ್ನು ಅವನು ಮಾಡುವುದು ಇಯರ್‌ಫೋನಿನಲ್ಲಿ. ತೊಂದರೆ ಇರುವುದೇ ಇಲ್ಲಿ. 40 ಹರ್ಟ್ಸ್‌ನ ಒಂದು ಬೇಸ್ ಅಲೆ ಗಾಳಿಯಲ್ಲಿ ಸುಮಾರು ಎಂಟೂವರೆ ಮೀಟರ್ ಉದ್ದ. ಸ್ಪೀಕರಿಟ್ಟು ಕೇಳೋಣವೆಂದರೆ ಇವನ ಕೋಣೆ ಇರುವುದು ಅದರ ಅರ್ಧ. ಮೊಬೈಲಿನಲ್ಲಂತೂ ಆ ಅಲೆ ಹೊರಗೇ ಬರುವುದಿಲ್ಲ. ಕೋಣೆಯಲ್ಲಿ ಕೂತು ಬೇಸ್ ಹದ ನೋಡುತ್ತೇನೆನ್ನುವವನು ಇಲ್ಲದ್ದನ್ನು ಅಂದಾಜಿನ ಮೇಲೆ ಹೆಚ್ಚಿಸುತ್ತಾನೆ, ಅಷ್ಟೆ. ಆದ್ದರಿಂದ ದೊಡ್ಡ ಬಾಕ್ಸಿನಲ್ಲಿ ಹಾಕಿ ನೋಡದೆ ಹಾಡನ್ನು ಹೊರಗೆ ಬಿಡಬಾರದು.

ಹೀಗೆ ಮೊದಲು ಬಾಕ್ಸಿನಲ್ಲಿ ಹಾಕಿ ನೋಡುವುದು ನಮ್ಮ ಹುಡುಗನೇ ಕಂಡುಹಿಡಿದ ಜಾಣತನವಲ್ಲ. ಜಮೈಕಾ ದ್ವೀಪದಲ್ಲಿ 1950ರ ದಶಕದಲ್ಲಿಯೇ ಬೀದಿಯಲ್ಲಿ ಆಳೆತ್ತರದ ಬಾಕ್ಸು ನಿಲ್ಲಿಸಿ ಕುಣಿಯುತ್ತಿದ್ದರು. ಅಲ್ಲಿನ ಸೌಂಡ್ಸ್ ಯಜಮಾನರಾದ ಕಾಕ್ಸನ್ ಡಾಡ್, ಡ್ಯೂಕ್ ರೀಡ್ ಮುಂತಾದವರು ಹೊಸ ಹಾಡಿನ ಒಂದೇ ಒಂದು ಪ್ಲೇಟು ಕೊರೆಸಿ, ಮೊದಲು ಬೀದಿಯಲ್ಲಿ ಹಾಕಿ ಜನ ಕುಣಿದರೆ ಮಾತ್ರ ಅಂಗಡಿಗೆ ಕಳಿಸುತ್ತಿದ್ದರು. ನ್ಯೂಯಾರ್ಕಿನಲ್ಲಿ ಡಿಸ್ಕೋ ಹಾಡು ಮಿಕ್ಸ್ ಮಾಡುತ್ತಿದ್ದ ಟಾಮ್ ಮೌಲ್ಟನ್‌ದು ಇನ್ನೂ ಸೊಗಸು. 1970ರ ದಶಕದ ನಡುವೆ ಒಂದು ದಿನ ಪರೀಕ್ಷೆಯ ಪ್ಲೇಟು ಕೊರೆಸಲು ಹೋದಾಗ ಏಳು ಇಂಚಿನವು ಮುಗಿದಿದ್ದವಂತೆ. ಇದ್ದ ಹತ್ತು ಇಂಚಿನ ಪ್ಲೇಟಿನ ಮೇಲೆಯೇ ಗೆರೆಗಳನ್ನು ಅಗಲಗಲವಾಗಿ ಹರಡಿ ಕೊರೆದರು. ಗೆರೆ ಅಗಲವಾದರೆ ಬೇಸಿಗೆ ಜಾಗ. ಕ್ಲಬ್ಬಿನಲ್ಲಿ ಹಾಕಿದರೆ ಹಾಡು ಹಿಂದೆಂದೂ ಕೇಳದಷ್ಟು ಜೋರು. ಡಿಸ್ಕೋ ಕಾಲದ ಹನ್ನೆರಡು ಇಂಚಿನ ಪ್ಲೇಟು ಹುಟ್ಟಿದ್ದು ಹಾಗೆ. ಅದೇ ನಗರದ ಪ್ಯಾರಡೈಸ್ ಗರಾಜ್ ಎಂಬ ಕ್ಲಬ್ಬಿನಲ್ಲಿ ಲ್ಯಾರಿ ಲೆವಾನ್ ಹಾಡು ಹಾಕುತ್ತಿದ್ದ. ಅಲ್ಲಿ ಗೆದ್ದ ಹಾಡು ಊರಲ್ಲೆಲ್ಲ ಗೆದ್ದಂತೆ. ಆ ಕ್ಲಬ್ಬು 1987ರಲ್ಲಿ ಮುಚ್ಚಿತು. ನಮ್ಮದು ಬಯಲು, ಮುಚ್ಚುವ ಪ್ರಶ್ನೆಯಿಲ್ಲ.

ಬಾಕ್ಸಿನಲ್ಲಿ ಹಾಡು ಹಾಕಿ ನೋಡುವ ದಿನ ಹುಡುಗ, “ಮಾವ, ನೀವೂ ಬನ್ನಿ. ನಿಮ್ದು ಹಳೇ ಕಿವಿ” ಎಂದ. ಹೊಗಳಿದನೋ ಏನೋ, ಹೋದೆ. ಹನೂರು ದಾರಿಯ ಪಕ್ಕ ಅರಿಶಿನ ಕಿತ್ತು ಖಾಲಿ ಬಿದ್ದಿದ್ದ ಹೊಲದಲ್ಲಿ ಸೌಂಡ್ಸ್ ಯಜಮಾನ ಬಾಕ್ಸು ಜೋಡಿಸಿದ್ದ. ಗುಡ್ಡಪ್ಪನೂ ಬಂದಿದ್ದರು. ರೆಕಾರ್ಡಿಂಗಿನ ದುಡ್ಡಿನಲ್ಲಿ ಅರ್ಧ ಬಾಕಿ ಇತ್ತು.

ಪೆನ್‌ಡ್ರೈವ್ ಸಿಕ್ಕಿಸಿ ಹಾಡು ಹಾಕಿದರು. ಮೊದಲ ಡುಬ್ಬಿಗೆ ಹ್ಯಾಲೊಜೆನ್ ದೀಪ ಮಂಕಾಯಿತು. ಎರಡನೆಯದಕ್ಕೂ ಮಂಕಾಯಿತು. ಬೇಸ್ ಜನರೇಟರನ್ನು ಎಳೆದುಕೊಳ್ಳುವ ರಭಸಕ್ಕೆ ದೀಪವೇ ತಾಳ ಹಾಕುತ್ತಿತ್ತು. “ಕರೆಂಟ್ ತಿಂತಾ ಅದ, ಹಾಡು ಚೆನ್ನಾಗದ” ಎಂದು ಯಜಮಾನ ಆಗಲೇ ತೀರ್ಪು ಕೊಟ್ಟ. ಹಾಡಿನಲ್ಲಿ ಏನೇ ಕೊರತೆಯಿರಲಿ, ಅವನ ಬಳಿ ಇದ್ದ ಮದ್ದು ಒಂದೇ: “ಬೇಸ್ ಜಾಸ್ತಿ ಮಾಡ್ಲಾ?”

ಹುಡುಗ ಹೊಲವೆಲ್ಲ ಸುತ್ತಿ ಕೇಳತೊಡಗಿದ. ಎರಡು ಗುಂಪು ಬೇಸ್ ಡಬ್ಬ ದೂರ ದೂರ ಇಟ್ಟರೆ ನಟ್ಟನಡುವೆ ಎದೆ ಬಿರಿಯುವಷ್ಟು ಬೇಸು. ನಾಲ್ಕು ಹೆಜ್ಜೆ ಪಕ್ಕಕ್ಕೆ ಸರಿದರೆ ಮಾಯ. ಎಡದ ಅಲೆ ಏಳುವಾಗ ಬಲದ್ದು ಬಿದ್ದು ಒಂದನ್ನೊಂದು ತಿಂದುಹಾಕುತ್ತವೆ. ಕುಣಿಯುವ ಹುಡುಗರಲ್ಲಿ ಕೆಲವರು ದೇವರು ಬಂದವರಂತೆ ಕುಣಿಯುವುದೂ, ಪಕ್ಕದವನು ಬಸ್ಸಿಗೆ ಕಾಯುವವನಂತೆ ನಿಲ್ಲುವುದೂ ಏಕೆಂದು ಅಂದು ನನಗೆ ಗೊತ್ತಾಯಿತು. ಅದರಲ್ಲಿ ಭಕ್ತಿಯ ವ್ಯತ್ಯಾಸವೇನೂ ಇಲ್ಲ.

ಅಷ್ಟರಲ್ಲಿ ಗುಡ್ಡಪ್ಪ ಎದ್ದರು. ಒಂದು ಟಾಪಿಗೆ ಕಿವಿಯಿಟ್ಟರು. ಇನ್ನೊಂದಕ್ಕೂ ಇಟ್ಟರು. ಆಮೇಲೆ ಹುಡುಗನ ಹೆಗಲು ಹಿಡಿದು, “ಕಂಸಾಳೆ ಎಲ್ಲೋಯ್ತು?” ಎಂದರು.

ನಿಜಕ್ಕೂ ಇರಲಿಲ್ಲ. ಗುಡ್ಡಪ್ಪನ ದನಿ ಇತ್ತು, ಸೈರನ್ ಇತ್ತು, ಹುಲಿ ಇತ್ತು, ಆ ಹೆಂಗಸೂ ಇದ್ದಳು. ಎಡಗೈಯ ಬಟ್ಟಲು ತಾಳಕ್ಕೆ ಬಲಗೈಯ ಗೊಂಡೆ ಕಟ್ಟಿದ ತಾಳ ಬಡಿದ ಆ ಝಣ್ ಮಾತ್ರ ಇಲ್ಲ. “ಇಯರ್‌ಫೋನಲ್ಲಿ ತಲೆ ಸುತ್ತಾ ತಿರುಗ್ತಿತ್ತು ತಾತ” ಎಂದು ಹುಡುಗ ಗಾಬರಿಯಾಗಿ ಇಯರ್‌ಫೋನನ್ನೇ ಅವರ ಕಿವಿಗೆ ತುರುಕಿದ. ಗುಡ್ಡಪ್ಪ ಕೇಳಿದರು, ಬಾಕ್ಸ್ ನೋಡಿದರು. “ಇಲ್ಲಿ ಅದ, ಅಲ್ಲಿ ಇಲ್ಲ. ಅರ್ಧ ದುಡ್ಡು ಕೊಟ್ಟಿದ್ದೀನಿ ಅಂತ ಅರ್ಧ ಸದ್ದು ಹಾಕಿದ್ದೀಯಾ?”

ಕಳ್ಳ ಸಿಕ್ಕಿದ್ದು ಆಗ. ಕಂಸಾಳೆ ಅಗಲವಾಗಿ ಕೇಳಲಿ ಎಂದು ಹುಡುಗ ಅದೇ ರೆಕಾರ್ಡಿಂಗನ್ನು ಎಡಕ್ಕೆ ಇದ್ದಂತೆಯೂ ಬಲಕ್ಕೆ ತಲೆಕೆಳಗಾಗಿಯೂ ಇಟ್ಟಿದ್ದ. ಎರಡು ಕಿವಿಗೆ ಬೇರೆ ಬೇರೆಯಾಗಿ ಹೋದರೆ ಅದು ತಲೆ ಸುತ್ತ ತಿರುಗಿದಂತೆ ಕೇಳುತ್ತದೆ. ಬಯಲಿನ ಸೆಟ್ಟಿನಲ್ಲಿ ಎಡ ಬಲ ಎಂಬ ಭೇದವಿಲ್ಲ. ಬೀದಿಯ ಈ ತುದಿಯಲ್ಲಿ ನಿಂತವನಿಗೂ ಆ ತುದಿಯವನಿಗೂ ಪೂರ್ತಿ ಹಾಡು ಸಿಗಬೇಕಲ್ಲ, ಅದಕ್ಕೆ ಯಜಮಾನ ಎರಡನ್ನೂ ಸೇರಿಸಿ ಮೋನೋ ಮಾಡಿರುತ್ತಾನೆ. ಇದ್ದದ್ದೂ ತಲೆಕೆಳಗಾದದ್ದೂ ಕೂಡಿದರೆ ಸೊನ್ನೆ. ಗಣಿತ ಸರಿಯಾಗಿತ್ತು, ಕಂಸಾಳೆ ಹೋಗಿತ್ತು.

ತಲೆಕೆಳಗಾದ ಭಾಗ ತೆಗೆದು, ಅಲ್ಲೇ ಲ್ಯಾಪ್‌ಟಾಪಿನಲ್ಲಿ ಸರಿಮಾಡಿ ಹಾಕಿದ. ಈಗ ಬಂತು, ಆದರೆ ಬಿಟ್ಟು ಬಿಟ್ಟು. ಇದಕ್ಕೆ ಕಾರಣ ಲಿಮಿಟರ್ ಎಂಬ ಸಾಧನ. ಹಾಡಿಗೆ ಒಂದು ಬಾಗಿಲಿದೆ ಎನ್ನಿ. ಬೇಸ್ ಎಂಬ ದಪ್ಪನೆಯ ನೆಂಟ ಒಳಬರುವಾಗಲೆಲ್ಲ ಉಳಿದವರು ಪಕ್ಕಕ್ಕೆ ಸರಿದು ನಿಲ್ಲಬೇಕು. ಇವನ ನೆಂಟ ನಿಮಿಷಕ್ಕೆ 130 ಸಲ ಬರುತ್ತಿದ್ದ. ಕಂಸಾಳೆಗೆ ಸಂದು ಎಲ್ಲಿ ಸಿಗಬೇಕು? ಬೇಸನ್ನು ಮೂರು ಡೆಸಿಬಲ್ ಇಳಿಸು ಎಂದೆ. ಮೂರು ಕಿಡ್ನಿ ಕೇಳಿದವನ ಕಡೆ ನೋಡಿದಂತೆ ನನ್ನ ಕಡೆ ನೋಡಿದ. “ಬೇಸ್ ಇಲ್ದೆ ಹುಡುಗ್ರು ಬಯ್ತಾರೆ ಮಾವ.” “ಕಂಸಾಳೆ ಇಲ್ದಿದ್ರೆ ಮಾದಪ್ಪ ಬಯ್ತಾನೆ” ಎಂದೆ. ಇಬ್ಬರಲ್ಲಿ ಯಾರು ಹತ್ತಿರದವರು ಎಂದು ಅವನು ಲೆಕ್ಕ ಹಾಕಿದ. ಕೊನೆಗೆ ಎರಡು ಡೆಸಿಬಲ್ಲಿಗೆ ವ್ಯಾಪಾರ ಕುದುರಿತು.

ಮತ್ತೆ ಹಾಕುವಷ್ಟರಲ್ಲಿ ಪಕ್ಕದ ತೋಟದಿಂದ ಟಾರ್ಚು ಬಂತು. ಹಿಂದೆ ಅದರ ಒಡೆಯ. “ನಾಳಿಕ್ಕೆ ಹುಳ ಹಣ್ಣಾಗ್ತವೆ, ಚಂದ್ರಿಕೆಗೆ ಬುಡ್ಬೇಕು. ಮನೆ ಶೀಟೆಲ್ಲಾ ಗಡಗಡ ಅಂತಾ ಅವೆ. ಏನ್ ಮಾಡ್ತಿದ್ದೀರಿ ಇಲ್ಲಿ?” ಟೆಸ್ಟಿಂಗ್ ಎಂದರು. “ನನ್ನ ತಾಳ್ಮೆ ಟೆಸ್ಟು ಮಾಡ್ತಿದ್ದೀರಾ?” ತಗಡಿನ ಶೀಟು ಯಾವ ಸ್ವರಕ್ಕೆ ಹೆಚ್ಚು ಗಡಗಡ ಎನ್ನುತ್ತದೆಂದು ನೋಡಿ ಅದೊಂದನ್ನೇ ತಗ್ಗಿಸಬಹುದು ಎಂದು ಹುಡುಗ ವಿವರಿಸಲು ಹೋದ. ರೇಷ್ಮೆ ಬೆಳೆಗಾರನಿಗೆ ಸಾಲ ತೀರಿಸುವ ಲೆಕ್ಕ ಬಿಟ್ಟು ಬೇರೆ ವಿಜ್ಞಾನದಲ್ಲಿ ಆಸಕ್ತಿಯಿರಲಿಲ್ಲ. ಅಲ್ಲದೆ ಗಂಟೆ ಹತ್ತಾಗುತ್ತಿತ್ತು. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗಿನ 6ರವರೆಗೆ ಧ್ವನಿವರ್ಧಕ ಕೂಡದು. ವಸತಿ ಪ್ರದೇಶಕ್ಕೆ ಹಗಲು 55 ಡೆಸಿಬಲ್, ರಾತ್ರಿ 45. ನಮ್ಮ ಯಜಮಾನನ ಜನರೇಟರೇ ಅದನ್ನು ಮೀರಿಸುತ್ತದೆ, ಬಾಕ್ಸಿನ ಮಾತು ಆಮೇಲೆ.

ಕೊನೆಯ ಸಲ ಹಾಡು ಹಾಕಿದಾಗ ಕಂಸಾಳೆ ಬೇಸಿನ ಬೆನ್ನ ಮೇಲೆ ಹತ್ತಿ ಕೂತು ಬಂತು. ಚೆನ್ನಾಗಿತ್ತು. ನನ್ನಂಥ ಹಾರ್ನ್ ಕಾಲದವನೂ ಒಪ್ಪಬೇಕಾದ ಮಾತು ಇದು: ಒಳ್ಳೆಯ ಸೆಟ್ಟಿನಲ್ಲಿ, ಹದವಾಗಿ ಮಾಡಿದ ಡಿಜೆ ಹಾಡು ಕೇಳುವ ಸುಖವೇ ಬೇರೆ. ಗುಡ್ಡಪ್ಪನ ಬಲಗಾಲು ಅವರಿಗೇ ತಿಳಿಯದಂತೆ ಹೆಜ್ಜೆ ಹಾಕುತ್ತಿತ್ತು. ಬಾಕಿ ದುಡ್ಡನ್ನು ಮಾತ್ರ ಎಣಿಸಿಯೇ ಇಸಿದುಕೊಂಡರು.

ಇದೆಲ್ಲ ಬಯಲಿನ ಮಾತು. ಮಾದಪ್ಪನ ಬೆಟ್ಟದ ಮೇಲಿನ ಮಾತೇ ಬೇರೆ. ತಾಳುಬೆಟ್ಟ ದಾಟಿದರೆ ಸುತ್ತಲೂ ಕಾಡು. 2013ರಲ್ಲಿ ಘೋಷಿಸಿದ ವನ್ಯಧಾಮ, ಸುಮಾರು 906 ಚದರ ಕಿಲೋಮೀಟರ್. ಅಲ್ಲಿ ಬಾಕ್ಸು ಹೊತ್ತು ಹೋಗುವವರು ಒಂದು ಸಂಗತಿ ತಿಳಿದಿರಬೇಕು. ಆನೆಗಳು ತಮ್ಮೊಳಗೆ ಮಾತಾಡುವುದು ಹೆಚ್ಚಾಗಿ ಮನುಷ್ಯರ ಕಿವಿಗೆ ಸಿಗದ 20 ಹರ್ಟ್ಸ್‌ನ ಆಚೀಚೆ. ಕೇಟಿ ಪೇನ್ ಎಂಬ ವಿಜ್ಞಾನಿ 1984ರಲ್ಲಿ ಅಮೆರಿಕದ ಮೃಗಾಲಯವೊಂದರಲ್ಲಿ, ನಮ್ಮ ಏಷ್ಯಾದ ಆನೆಗಳ ಪಕ್ಕದಲ್ಲಿ ನಿಂತು, ಗಾಳಿ ನಡುಗಿದಂತಾಗಿ ಇದನ್ನು ಪತ್ತೆ ಹಚ್ಚಿದರು. ಹದಿನೆಂಟು ಇಂಚಿನ ಡಬ್ಬ ಪ್ರಾಣ ಬಿಟ್ಟರೂ ಹೊರಡಿಸಲಾರದ ಬೇಸು ಆನೆತಲೆದಿಂಬದ ಸುತ್ತಿನ ಆನೆಗಳ ಗಂಟಲಲ್ಲಿ, ಡೀಸೆಲ್ ಖರ್ಚಿಲ್ಲದೆ, ಹುಟ್ಟುತ್ತದೆ. ಅವುಗಳ ಮಾತಿನ ನಡುವೆ ನಮ್ಮ ಬಾಯಿ ಹಾಕುವುದು ಮರ್ಯಾದೆಯಲ್ಲ.

ಹಬ್ಬದ ದಿನ ಹಾಡು ಮೆರವಣಿಗೆಯಲ್ಲಿ ಬಂತು. ಅಷ್ಟು ಕಷ್ಟಪಟ್ಟು ಎರಡು ಡೆಸಿಬಲ್ ಇಳಿಸಿದ್ದ ಬೇಸನ್ನು ಯಜಮಾನ ಸೆಟ್ಟಿನ ಗುಬುಟು ತಿರುಗಿಸಿ ಆರು ಏರಿಸಿದ. ಬೇಸ್ ಕೇಳುತ್ತಿಲ್ಲ ಎಂದು ಹುಡುಗರು ಕೂಗಿದರಂತೆ. ಅವರು ನಿಂತಿದ್ದದ್ದು ಅಲೆಗಳು ಒಂದನ್ನೊಂದು ತಿನ್ನುವ ಜಾಗದಲ್ಲಿ ಎಂಬುದು ನನ್ನ ಬಲವಾದ ಅನುಮಾನ.

ಆದ್ದರಿಂದ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯ ಡಿಜೆ ಹುಡುಗರಲ್ಲಿ ಒಂದು ಮನವಿ. ಪೆನ್‌ಡ್ರೈವ್ ಕೊಡುವ ಮುಂಚೆ ಹಾಡನ್ನು ಮೋನೋ ಮಾಡಿ ಕೇಳಿ. ಕಂಸಾಳೆ ಕೇಳದಿದ್ದರೆ ಕೊಡಬೇಡಿ. ಸೌಂಡ್ಸ್ ಯಜಮಾನರೇ, ಬೇಸ್ ಡಬ್ಬಗಳನ್ನು ಎರಡು ಕಡೆ ಹಂಚದೆ ಒಂದೇ ಕಡೆ ಒತ್ತಾಗಿ ಜೋಡಿಸಿ, ಎಲ್ಲರಿಗೂ ಸಮನಾಗಿ ಸಿಗುತ್ತದೆ. ಇನ್ನು ಮೆರವಣಿಗೆಗೆ ಹೊರಟವರು ಕಿವಿಗೆ ಇಯರ್‌ಪ್ಲಗ್ ಹಾಕಿಕೊಳ್ಳಿ. 85 ಡೆಸಿಬಲ್ ಸದ್ದನ್ನು ಕಿವಿ ದಿನಕ್ಕೆ ಎಂಟು ಗಂಟೆ ತಾಳಬಹುದು ಎನ್ನುತ್ತಾರೆ. 100 ಡೆಸಿಬಲ್ಲಿಗೆ ಆ ಗಡುವು ಹದಿನೈದೇ ನಿಮಿಷ.