ಒಬ್ಬನ ನಾಟಕಕ್ಕೆ ಎಷ್ಟು ಲೋಟ ಕಾಫಿ?

ಏಕವ್ಯಕ್ತಿ ನಾಟಕ ಬರೆಯಲು ಹೊರಟ ನನ್ನ ಉದ್ದೇಶ ಬಹಳ ಉದಾತ್ತವಾಗಿತ್ತು: ತಾಲೀಮಿಗೆ ಯಾರನ್ನೂ ಗೋಗರೆಯಬೇಕಿಲ್ಲ, ಒಂದು ಲೋಟ ಕಾಫಿಯಲ್ಲಿ ಕೆಲಸ ಮುಗಿಯುತ್ತದೆ. ಆದರೆ ಬೆಳಕಿನವರು, ಸಂಗೀತದವರು, ಮೇಕಪ್ಪಿನವರು, ಮಾತು ಮರೆತರೆ ಪರದೆ ಹಿಂದಿನಿಂದ ಪಿಸುಗುಡುವವರು ಎಂದು ಆ ‘ಒಬ್ಬ’ನ ಸುತ್ತ ಮದುವೆ ದಿಬ್ಬಣವೇ ನೆರೆಯಿತು. ಲೋಟಗಳು ಸಾಲದೆ ಪಕ್ಕದ ಮನೆಯಿಂದ ತರಬೇಕಾಯಿತು.

ಎದುರು ಪಾತ್ರವೇ ಇಲ್ಲದ ಮೇಲೆ ಅದರ ಮಾತನ್ನೂ ನಾವೇ ಆಡಬೇಕಲ್ಲ. “ಏನಂದ್ರಿ? ಮಾವ ಹೋಗ್ಬಿಟ್ರಾ? ನಿನ್ನೆ ರಾತ್ರೀನಾ?” ಎಂದು ಬರಿಗೈಯನ್ನು ಕಿವಿಗಿಟ್ಟು ಗೋಳಾಡುತ್ತಿದ್ದೆ. ಕಿಟಕಿಯಾಚೆ ಹೂವಿನಾಕೆ ಕೇಳಿಸಿಕೊಂಡು ಬೀದಿಗೆಲ್ಲ ಸಾರಿದಳು. ಸಂಜೆ ಎದುರುಮನೆಯವರು ಅನ್ನ, ಸಾರು ತಂದು “ಧೈರ್ಯ ತಂದ್ಕೊಳ್ಳಿ” ಎಂದರು. ಸೋಫಾದಲ್ಲಿ ಕೂತಿದ್ದ ನಮ್ಮ ಮಾವನವರು ರುಚಿ ನೋಡಿ, ಸಾರಿಗೆ ಉಪ್ಪು ಕಮ್ಮಿ ಎಂದರು.

ಇದನ್ನು ಗೆದ್ದವರೂ ಇದ್ದಾರೆ. ನಟ ಸಿ.ಆರ್. ಸಿಂಹ ‘ಟಿಪಿಕಲ್ ಟಿ.ಪಿ. ಕೈಲಾಸಂ’ ನಾಟಕದಲ್ಲಿ ಒಬ್ಬರೇ ರಂಗ ತುಂಬಿದವರು. ಗಿರೀಶ ಕಾರ್ನಾಡರಂತೂ ಜಾಣರು. ‘ಒಡಕಲು ಬಿಂಬ’ದ ನಾಯಕಿಗೆ ಜಗಳವಾಡಲು ಟಿವಿ ಪರದೆಯ ಮೇಲೆ ಅವಳದೇ ಬಿಂಬ ಒದಗಿಸಿಬಿಟ್ಟರು. ಆ ಉಪಾಯ ಹೊಳೆದು ನಮ್ಮ ಟಿವಿ ಕೇಳಿದೆ. ಧಾರಾವಾಹಿ ಮುಗಿಯುವ ತನಕ ಕೊಡಲ್ಲ ಎಂದಳು ಹೆಂಡತಿ.

“ಅಲ್ರೀ, ನಿಮ್ಮ ನಾಟಕದಲ್ಲಿ ಮಧ್ಯೆ ಯಾರೂ ಮಾತಾಡೋದೇ ಇಲ್ವಾ?”

“ಇಲ್ಲ. ಪೂರ್ತಿ ಒಂದು ಗಂಟೆ ನಾನೊಬ್ಬನೇ.”

“ಓಹೋ, ಅದಕ್ಕೇ ಬರೆದಿದ್ದು ಅನ್ನಿ!”