ಮೂಲ ಕಾರಣ: ಟ್ರೈನಿ

ಬಿ.ಇ. ಬಯೋಟೆಕ್ನಾಲಜಿ ಹುಡುಗರನ್ನು ಮೊಟ್ಟಮೊದಲು ಸಂದರ್ಶನ ಮಾಡುವವರು ನೆಂಟರು. "ಏನ್ ಓದ್ತಿದ್ದೀಯಪ್ಪ?" ಎಂದು ಕೇಳಿದ ತಿಪಟೂರಿನ ದೊಡ್ಡಪ್ಪ, ಉತ್ತರ ಕೇಳಿ, "ಹಂಗಾದ್ರೆ ನಮ್ಮ ತೆಂಗಿನ ನುಸಿಗೆ ಒಂದು ಔಷಧಿ ಹೇಳು" ಎಂದರು. ಚಿಕ್ಕಮ್ಮ ಮಂಡಿ ತೋರಿಸಿದರು. ಕ್ಯಾಂಪಸ್ಸಿಗೆ ಬಂದ ಕಂಪನಿಯವರು "ಜಾವಾ ಬರುತ್ತಾ?" ಎಂದರು. ಮೂವರಿಗೂ ನಾನು ಕೊಟ್ಟಿದ್ದು ಒಂದೇ ಉತ್ತರ, ಹಲ್ಲು ಕಿರಿದದ್ದು.

ನನ್ನ ಲೆಕ್ಕಾಚಾರವೇ ಬೇರೆ ಇತ್ತು. ಕಿರಣ್ ಮಜುಂದಾರ್ 1978ರಲ್ಲಿ ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಬಯೋಕಾನ್ ಎಂಬ ಬಯೋಟೆಕ್ ಕಂಪನಿ ಶುರುಮಾಡಿದರು ಎಂದು ಓದಿದ್ದೆ. ಅದಕ್ಕೂ ಮುಂಚೆ ಅವರು ಆಸ್ಟ್ರೇಲಿಯಾಕ್ಕೆ ಹೋಗಿ ಬಿಯರ್ ತಯಾರಿಕೆ ಕಲಿತು, ಅಲ್ಲಿನ ಬ್ರೂವರಿಯಲ್ಲಿ ಟ್ರೈನಿಯಾಗಿ ದುಡಿದಿದ್ದರು. ಕಂಪನಿಯ ಮೊದಲ ಸರಕುಗಳಲ್ಲಿ ಒಂದು ಪರಂಗಿಕಾಯಿ ಹಾಲಿನಿಂದ ತೆಗೆದ ಪಪೇನ್. ನಾನು ಬ್ರೂವರಿ, ಪರಂಗಿ ಎರಡನ್ನೂ ಬಿಟ್ಟು ಗ್ಯಾರೇಜನ್ನಷ್ಟೇ ನೆನಪಿಟ್ಟುಕೊಂಡೆ. ಸೆಕೆಂಡ್ ಇಯರ್ ರಜೆಗಳನ್ನು ನಿದ್ದೆಗೆ ಕೊಟ್ಟು, ರೆಸ್ಯೂಮೆಯಲ್ಲಿ 'ಕ್ರಿಸ್ಪರ್' ಎಂದು ದಪ್ಪಕ್ಷರದಲ್ಲಿ ಬರೆದೆ. ಅದು 2020ರ ನೊಬೆಲ್ ಗೆದ್ದ, ವಂಶವಾಹಿ ತಿದ್ದುವ ತಂತ್ರಜ್ಞಾನ. ನನಗೆ ಯೂಟ್ಯೂಬ್ ಮೂಲಕ ಪರಿಚಯ.

ಜಿಗಣಿ ಕಡೆಯ ಒಂದು ಔಷಧ ಕಂಪನಿಯಲ್ಲಿ ಇಂಟರ್ನ್‌ಶಿಪ್ ಇಂಟರ್‌ವ್ಯೂ. "ಕ್ರಿಸ್ಪರ್ ಹಾಗಿರ್ಲಿ" ಎಂದರು ಮೇಡಂ. "ಒಂದು ಮೋಲಾರ್ ಸೋಡಿಯಂ ಕ್ಲೋರೈಡ್ ದ್ರಾವಣ ಒಂದು ಲೀಟರ್ ಬೇಕು. ಉಪ್ಪು ಎಷ್ಟು ಹಾಕ್ತೀರಿ?" 'ರುಚಿಗೆ ತಕ್ಕಷ್ಟು' ಎಂಬುದು ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. "58.44 ಗ್ರಾಂ" ಎಂದು ಅವರೇ ಹೇಳಿದರು. ಪಾಪ ಅನ್ನಿಸಿತೋ, ಬೇರೆ ಯಾರೂ ಅರ್ಜಿ ಹಾಕಿರಲಿಲ್ಲವೋ, ಸೇರಿಸಿಕೊಂಡರು.

ಮೊದಲ ದಿನ ಅಮ್ಮ ಹಣೆ ತುಂಬ ವಿಭೂತಿ ಬಳಿದು ಕಳಿಸಿದಳು. ಕ್ಲೀನ್‌ರೂಮಿನ ಬಾಗಿಲಲ್ಲೇ ತಡೆದರು. ಪುಡಿ ಉದುರುವಂಥದ್ದು ಯಾವುದೂ ಒಳಗೆ ಹೋಗುವಂತಿಲ್ಲ. ಹಣೆ ತೊಳೆಸಿ, ಉಂಗುರ ಬಿಚ್ಚಿಸಿ, ಕಣ್ಣೊಂದು ಬಿಟ್ಟು ಮಿಕ್ಕೆಲ್ಲ ಮುಚ್ಚುವ ಬಿಳಿ ದಿರಿಸು ತೊಡಿಸಿದರು. ಮೂಗು ತುರಿಸತೊಡಗಿದ್ದು ಆ ಕ್ಷಣದಿಂದ.

ವಂಶವಾಹಿ ತಿದ್ದಲು ಬಂದವನಿಗೆ ಸಿಕ್ಕಿದ್ದು ಹಬೆಯಲ್ಲಿ ಸಾಮಾನು ಕ್ರಿಮಿಮುಕ್ತ ಮಾಡುವ ಆಟೋಕ್ಲೇವ್ ಯಂತ್ರದ ಲಾಗ್‌ಬುಕ್. ಉಷ್ಣತೆ 121 ಡಿಗ್ರಿ ಎಂದು ಬರೆಯುವ ಕಡೆ 112 ಎಂದು ಬರೆದೆ. ನೀಟಾಗಿರಲಿ ಎಂದು ಬ್ಯಾಗಿನಿಂದ ವೈಟ್ನರ್ ತೆಗೆದು ಬಳಿದೆ. ಅಷ್ಟಕ್ಕೇ ಕ್ವಾಲಿಟಿ ವಿಭಾಗವೆಲ್ಲ ಸೂತಕದ ಮನೆಯಾಯಿತು. "ಇಲ್ಲಿ ಬರೀದೇ ಇರೋ ಕೆಲಸ ಆಗೇ ಇಲ್ಲ ಅಂತ ಲೆಕ್ಕ, ಅಳಿಸಿದ್ದು ಮೋಸ ಅಂತ ಲೆಕ್ಕ" ಎಂದರು ಅಲ್ಲಿನ ಸರ್. ತಪ್ಪಾದರೆ ಅಕ್ಷರ ಕಾಣುವಂತೆ ಒಂದೇ ಗೆರೆ ಹೊಡೆದು, ಪಕ್ಕದಲ್ಲಿ ಸರಿಯಾದದ್ದನ್ನು ಬರೆದು, ಸಹಿ, ತಾರೀಖು ಹಾಕಬೇಕು. ಡೀವಿಯೇಶನ್ ರಿಪೋರ್ಟ್ ತಯಾರಾಯಿತು. ಮೂಲ ಕಾರಣ: ಟ್ರೈನಿ. ಪರಿಹಾರ ಕ್ರಮ: ಟ್ರೈನಿಯ ಬ್ಯಾಗ್ ತಪಾಸಣೆ.

ಈಗ ಜೂನಿಯರ್‌ಗಳು ಸಲಹೆ ಕೇಳಿ ಬರುತ್ತಾರೆ. ಸೆಕೆಂಡ್ ಇಯರ್ ರಜೆಯಲ್ಲೇ ಯಾವುದಾದರೂ ಲ್ಯಾಬಿನ ಬಾಗಿಲು ತಟ್ಟಿ, ಪಿಪೆಟ್ ಹಿಡಿಯುವುದು, ಬಫರ್ ಮಾಡುವುದು, ಎಕ್ಸೆಲ್ಲಿನಲ್ಲಿ ಗ್ರಾಫ್ ಹಾಕುವುದು ಕಲಿಯಿರಿ, ಮಾಡಿದ್ದನ್ನು ಅವತ್ತೇ ಬರೆದಿಡಿ ಎನ್ನುತ್ತೇನೆ. "ಅದೆಲ್ಲ ಸರಿ ಅಣ್ಣ, ಕ್ರಿಸ್ಪರ್?" ಎನ್ನುತ್ತಾರೆ.

ಇಂಟರ್ನ್‌ಶಿಪ್ಪಿನ ಕೊನೆಯ ದಿನ ಸರ್ಟಿಫಿಕೇಟಿನಲ್ಲಿ ನನ್ನ ಹೆಸರೇ ತಪ್ಪಾಗಿತ್ತು. ಆಫೀಸಿನವರು ವೈಟ್ನರ್ ಹುಡುಕತೊಡಗಿದಾಗ ಎದೆಯುಬ್ಬಿಸಿ ತಡೆದೆ, "ಒಂದೇ ಗೆರೆ, ಸಹಿ, ತಾರೀಖು!" ಹಾಗೇ ಮಾಡಿಕೊಟ್ಟರು. ಅಪ್ಪ ಅದಕ್ಕೆ ಫ್ರೇಮು ಹಾಕಿಸಿ ಹಾಲಿನಲ್ಲಿ ತೂಗುಹಾಕಿದ್ದಾರೆ. ನೋಡಿದವರೆಲ್ಲ, ಇವನು ಯಾರದೋ ಸರ್ಟಿಫಿಕೇಟು ಹೊಡೆದುಕೊಂಡು ಬಂದಿದ್ದಾನೆ ಎಂದುಕೊಂಡು ಕಾಫಿ ಮುಗಿಸುತ್ತಾರೆ.