ಆಗಸ್ಟಿನ ಜಲಪಾತ, ಮೇ ತಿಂಗಳ ಗಿರಣಿ

ಗೋಕಾಕ, ಮೂಡಲಗಿ, ಹುಕ್ಕೇರಿ, ಈ ಮೂರರಲ್ಲಿ ಯಾವ ಊರಿನ ಪೇಟೆಗೆ ಹೋದರೂ ಲ್ಯಾಪ್‌ಟಾಪ್ ವ್ಯಾಪಾರದ ಮಾತು ಮೂರನೇ ವಾಕ್ಯಕ್ಕೆ ಪ್ರೊಸೆಸರ್ ಮೇಲೆ ಬಂದು ಕೂರುತ್ತದೆ. “ಐ-5 ನಡೀತೈತ್ರಿ ಸರ, ಆದ್ರ ಐ-7 ತಗೊಂಡಬಿಟ್ರ ಹತ್ತ ವರ್ಷ ಚಿಂತಿ ಇಲ್ರಿ.” ಹತ್ತು ವರ್ಷದ ನಿಶ್ಚಿಂತೆ ಹದಿನೈದು ಸಾವಿರ ರೂಪಾಯಿಗೆ ಸಿಗುವುದಾದರೆ ಯಾರು ಬೇಡವೆಂದಾರು? ಕಾರ್ಖಾನೆಯಿಂದ ಬರಬೇಕಾದ ಕಬ್ಬಿನ ಬಿಲ್ಲು, ಮಗಳ ಮದುವೆ, ಮಗನ ಸಿಇಟಿ ರ‍್ಯಾಂಕು ಇವೆಲ್ಲ ಸೇರಿಯೂ ಕೊಡದ ನೆಮ್ಮದಿಯನ್ನು ಉಗುರಿನಗಲದ ಸಿಲಿಕಾನ್ ಚೂರು ಕೊಡುತ್ತದೆಂದರೆ ಆಸೆ ಹುಟ್ಟುವುದು ಸಹಜ. ಆದರೂ ಆ ಹದಿನೈದು ಸಾವಿರದ ಬಗ್ಗೆ ನನ್ನದೊಂದು ತಕರಾರಿದೆ. ಈ ಸೀಮೆಯಲ್ಲಿ ಲ್ಯಾಪ್‌ಟಾಪ್ ಕೊಳ್ಳುವ ಬಹುಪಾಲು ಜನರ ಮಟ್ಟಿಗೆ, ಹೆಚ್ಚು ವೇಗದ ಪ್ರೊಸೆಸರ್ ಎಂದರೆ ಹೆಚ್ಚು ವೇಗವಾಗಿ ಕಾಯುತ್ತ ಕೂರುವ ಯಂತ್ರ, ಅಷ್ಟೇ.

ಲೆಕ್ಕ ಹಾಕಿಯೇ ನೋಡೋಣ. ತಹಶೀಲ್ದಾರ್ ಕಚೇರಿಯ ಎದುರು ಕೂತು ಅರ್ಜಿ, ಕರಾರುಪತ್ರ ಟೈಪು ಮಾಡಿಕೊಡುವವರು ನಿಮಿಷಕ್ಕೆ 200 ಕೀಲಿ ಒತ್ತುತ್ತಾರೆ ಎನ್ನಿ. ಅದು ಒಳ್ಳೆಯ ವೇಗವೇ. ಹಾಗಿದ್ದರೂ ಒಂದು ಕೀಲಿಗೂ ಮುಂದಿನದಕ್ಕೂ ನಡುವೆ 0.3 ಸೆಕೆಂಡು ಉಳಿಯುತ್ತದೆ. 3 ಗಿಗಾಹರ್ಟ್ಸ್ ಪ್ರೊಸೆಸರ್ ಸೆಕೆಂಡಿಗೆ 300 ಕೋಟಿ ಸಲ ಮಿಡಿಯುತ್ತದೆ. ಅಂದರೆ ‘ಸದರಿ’ ಎಂದು ಬರೆಯಲು ಹೊರಟವರು ಮೊದಲ ಕೀಲಿ ಒತ್ತಿ ಎರಡನೆಯದನ್ನು ಹುಡುಕುವಷ್ಟರಲ್ಲಿ ಅದು 90 ಕೋಟಿ ಸಲ ಮಿಡಿದು ಆಕಳಿಸುತ್ತಿರುತ್ತದೆ. ಹಣ ಸುರಿದು 4 ಗಿಗಾಹರ್ಟ್ಸಿನದನ್ನು ತಂದರೆ 120 ಕೋಟಿ ಸಲ ಮಿಡಿದು ಆಕಳಿಸುತ್ತದೆ. ಮೂಡಲಗಿಯ ಹೋಲ್‌ಸೇಲ್ ಅಂಗಡಿಯ ಟ್ಯಾಲಿ ಲೆಕ್ಕಪತ್ರ, ಹುಕ್ಕೇರಿಯ ಶಿಕ್ಷಕರ ಅಂಕಪಟ್ಟಿ ಇವುಗಳ ಕಥೆಯೂ ಬೇರೆಯಲ್ಲ. ಇನ್ನು ಆನ್‌ಲೈನ್ ಸೆಂಟರ್‌ನಲ್ಲಿ ಪಹಣಿಗಾಗಿ ಕಾದು ಕೂತಾಗ ಪರದೆಯ ಮೇಲೆ ಚಕ್ರ ತಿರುಗುತ್ತಿದ್ದರೆ, ತಡವಾಗುತ್ತಿರುವುದು ದೂರದ ಸರ್ವರ್‌ನಲ್ಲಿ. ಅಲ್ಲಿ ಐ-7 ಮಾಡಬಹುದಾದ ಸೇವೆಯೆಂದರೆ ಆ ಚಕ್ರವನ್ನು ನಯವಾಗಿ ತಿರುಗಿಸುವುದು. ಒಂದು ಭಾಗವನ್ನು ಎಷ್ಟೇ ಚುರುಕುಗೊಳಿಸಿದರೂ, ಆ ಭಾಗ ಮೊದಲು ತಿನ್ನುತ್ತಿದ್ದ ಸಮಯಕ್ಕಿಂತ ಹೆಚ್ಚು ಉಳಿಯದು. ಕಂಪ್ಯೂಟರ್ ವಿನ್ಯಾಸಕ ಜೀನ್ ಆಮ್ಡಾಲ್ 1967ರಲ್ಲಿ ದೊಡ್ಡ ಯಂತ್ರಗಳ ಬಗ್ಗೆ ಮಂಡಿಸಿದ ವಾದದ ತಿರುಳು ಇದೇ. ಗಂಟೆಯ ಕೆಲಸದಲ್ಲಿ ಪ್ರೊಸೆಸರಿಗಾಗಿಯೇ ನಾವು ಕಾಯುವುದು ಮೂರು ನಿಮಿಷ ಎಂದುಕೊಂಡರೆ, ಶೇ. 30ರಷ್ಟು ವೇಗ ಹೆಚ್ಚಿದಾಗ ಉಳಿಯುವುದು ಸುಮಾರು ನಲವತ್ತು ಸೆಕೆಂಡು. ಅಷ್ಟರಲ್ಲಿ ತರಿಸಿದ ಚಹಾ ಕೂಡ ಬಂದಿರುವುದಿಲ್ಲ.

ಅದಿರಲಿ, ಡಬ್ಬಿಯ ಮೇಲೆ ಅಚ್ಚಾದ ವೇಗವಾದರೂ ಪೂರ್ತಿ ಸಿಗುತ್ತದೆಯೇ? ಇದಕ್ಕೆ ಉತ್ತರ ಗೋಕಾಕದವರಿಗೆ ಚೆನ್ನಾಗಿ ಗೊತ್ತು. ಆಗಸ್ಟಿನಲ್ಲಿ ಘಟಪ್ರಭೆ 52 ಮೀಟರ್ ಎತ್ತರದಿಂದ ಧುಮುಕುವುದನ್ನು ನೋಡಲು ಜನ ಬಸ್ಸು ತುಂಬಿಕೊಂಡು ಬರುತ್ತಾರೆ. ಮೇ ತಿಂಗಳಲ್ಲಿ ಬಂದವರು ಬಂಡೆ ನೋಡಿ ಹೋಗುತ್ತಾರೆ. ಅದೇ ಜಲಪಾತದ ಬಲದಿಂದ 1887ರಲ್ಲಿ ಹತ್ತಿಗಿರಣಿ ಓಡಿಸಲು ಹೊರಟವರು ಆಗಸ್ಟಿನ ರಭಸಕ್ಕೆ ಮರುಳಾಗಿದ್ದರೆ ಬೇಸಿಗೆಯಲ್ಲಿ ಗಿರಣಿ ಮುಚ್ಚಿ ಊರಿಗೆ ಹೋಗಬೇಕಿತ್ತು. ಗಿರಣಿಗೆ ಬೇಕಾದದ್ದು ವರ್ಷವಿಡೀ ನಂಬಬಹುದಾದ ನೀರು. ಮೇಲ್ಗಡೆ ಧೂಪದಾಳದಲ್ಲಿ ಒಡ್ಡು ಇರುವುದರ ಬೆಲೆ ಅಲ್ಲಿ ತಿಳಿಯುತ್ತದೆ. ಪ್ರೊಸೆಸರ್ ಡಬ್ಬಿಯ ಮೇಲೆ ದಪ್ಪಕ್ಷರದಲ್ಲಿ ಬರೆಯುವ ‘ಟರ್ಬೊ’ ವೇಗ ಆಗಸ್ಟಿನ ಜಲಪಾತ. ಅದು ಕೆಲವು ಸೆಕೆಂಡು ಧುಮುಕಿ, ಚಿಪ್ ಕಾದು ನೂರು ಡಿಗ್ರಿಯ ಆಸುಪಾಸಿಗೆ ಬಂದೊಡನೆ ತಾನಾಗಿಯೇ ತಗ್ಗುತ್ತದೆ. ಸಣ್ಣ ಅಕ್ಷರದ ‘ಬೇಸ್’ ವೇಗ ಮೇ ತಿಂಗಳ ಹರಿವು. ತೆಳ್ಳಗಿನ ಮೈಯ, ಒಂದೇ ಪುಟ್ಟ ಫ್ಯಾನಿನ ಲ್ಯಾಪ್‌ಟಾಪಿನಲ್ಲಿ ಐ-5 ಹಾಕಿದರೂ ಐ-7 ಹಾಕಿದರೂ ಕಾವು ಹೊರಹೋಗುವ ದಾರಿ ಅದೇ. ಆದ್ದರಿಂದ ದೀರ್ಘ ಕೆಲಸದಲ್ಲಿ ಎರಡರ ಅಂತರ ಕರಗುತ್ತ ಬರುತ್ತದೆ. ಮೇ ತಿಂಗಳ ಮಧ್ಯಾಹ್ನ ಅದನ್ನು ಕೌದಿಯ ಮೇಲಿಟ್ಟುಕೊಂಡು ಗಾಳಿಕಿಂಡಿ ಮುಚ್ಚಿದರಂತೂ ಇಬ್ಬರೂ ಸಮಾನರು. 1969ರಿಂದ ಸ್ವಂತ ಗ್ರಾಮೀಣ ವಿದ್ಯುತ್ ಸಹಕಾರಿ ಸಂಘ ನಡೆಸಿಕೊಂಡು ಬಂದಿರುವ ಹುಕ್ಕೇರಿಯವರಿಗೆ ವ್ಯಾಟಿನ ಲೆಕ್ಕ ಹೇಳಿಕೊಡಬೇಕಿಲ್ಲ. 50 ವ್ಯಾಟ್-ಅವರ್ ಬ್ಯಾಟರಿಯನ್ನು 45 ವ್ಯಾಟಿನ ಪ್ರೊಸೆಸರ್ ಪೂರ್ತಿ ದುಡಿದರೆ ಸುಮಾರು ಒಂದು ಗಂಟೆಯಲ್ಲೇ ಬರಿದು ಮಾಡುತ್ತದೆ. ಕರೆಂಟು ಹೋದ ಹೊತ್ತಿನಲ್ಲಿ 15 ವ್ಯಾಟಿನ ಸಾಧುಪ್ರಾಣಿಯೇ ಜಾಣ.

ಅಂಕಿ ದೊಡ್ಡದಾದರೆ ವೇಗ ಹೆಚ್ಚು ಎಂಬ ನಂಬಿಕೆಯೂ ಪರೀಕ್ಷೆಗೆ ನಿಲ್ಲುವುದಿಲ್ಲ. 2016ರಲ್ಲಿ ಇಂಟೆಲ್ ಬಿಟ್ಟ ಐ-7 7500ಯು ನೋಡಿ: ಬೇಸ್ ವೇಗ 2.7, ಟರ್ಬೊ 3.5 ಗಿಗಾಹರ್ಟ್ಸ್. ಮರುವರ್ಷ ಬಂದ ಐ-5 8250ಯು: ಬೇಸ್ 1.6, ಟರ್ಬೊ 3.4. ಅಂಗಡಿಯ ಹಲಗೆಯ ಪ್ರಕಾರ ಮೊದಲನೆಯದು ಹೆಸರಿನಲ್ಲೂ ಹಿರಿಯ, ಅಂಕಿಯಲ್ಲೂ ಹಿರಿಯ. ಆದರೆ ಅದರೊಳಗಿದ್ದದ್ದು ಎರಡು ಕೋರ್ (ಲೆಕ್ಕ ಮಾಡುವ ಘಟಕ), ಎರಡನೆಯದರಲ್ಲಿ ನಾಲ್ಕು. ಕೆಲಸ ಹಂಚಿಕೊಂಡು ಮಾಡುವ ಕಡೆ ‘ಕಿರಿಯ’ ಐ-5 ಹಿರಿಯನನ್ನು ಆರಾಮಾಗಿ ಹಿಂದೆ ಹಾಕಿತು. ಒಂದು ವರ್ಷ ತಡೆದವರಿಗೆ ಕಡಿಮೆ ದರ್ಜೆಯಲ್ಲೇ ಹೆಚ್ಚು ಬಲ ಸಿಕ್ಕಿತು. ಹೀಗಾಗಿ 3, 5, 7 ಎಂಬ ದರ್ಜೆಗಿಂತ ಅದರ ಮುಂದೆ ಬರುವ ತಲೆಮಾರಿನ ಸಂಖ್ಯೆಯನ್ನೂ ಕೊನೆಯ ಅಕ್ಷರವನ್ನೂ ಮೊದಲು ಓದಬೇಕು. ಜಾತಕ ನೋಡುವವರು ಹೆಸರು ಕೇಳಿ ಏಳುವುದಿಲ್ಲವಷ್ಟೆ.

“ಮುಂದಿನ ದಿನಕ್ಕ ಬೇಕಾಗತೈತ್ರಿ” ಎಂಬುದು ಬಲವಾದ ಆಕ್ಷೇಪ. ಅದಕ್ಕೆ ಉತ್ತರ ಕೊಡದೆ ಮುಂದೆ ಹೋಗುವುದು ನ್ಯಾಯವಲ್ಲ. ಆದರೆ ಆ ಮುಂದಿನ ದಿನ ಒಮ್ಮೆ ಬಂದು ಹೋಗಿದೆ. 2021ರಲ್ಲಿ ವಿಂಡೋಸ್ 11 ಬಂದಾಗ ಮೈಕ್ರೋಸಾಫ್ಟ್ ಗೆರೆ ಎಳೆದದ್ದು ತಲೆಮಾರು ನೋಡಿ, ಭದ್ರತೆಯ ವ್ಯವಸ್ಥೆ ನೋಡಿ. ಇಂಟೆಲ್‌ನ ಏಳನೇ ತಲೆಮಾರಿನ ಐ-7ಗಳು ಕೆಲವು ವಿನಾಯಿತಿ ಬಿಟ್ಟರೆ ಪಟ್ಟಿಯ ಹೊರಗೆ ಉಳಿದವು. ಅವುಗಳಿಗಿಂತ ಎಷ್ಟೋ ಕಡಿಮೆ ಬಲದ ಬಡ ಸೆಲೆರಾನ್ ಎನ್4000 ಪಟ್ಟಿಯೊಳಗೆ ಹೋಗಿ ಕೂತಿತು. 2025ರ ಅಕ್ಟೋಬರ್ 14ಕ್ಕೆ ವಿಂಡೋಸ್ 10ರ ಉಚಿತ ಬೆಂಬಲ ಮುಗಿದಾಗ ಹಳತಾದದ್ದು ಕುಂಟುವ ಯಂತ್ರವಲ್ಲ, ಓಡುವ ಯಂತ್ರ. ಭವಿಷ್ಯಕ್ಕೆಂದು ಕೊಟ್ಟ ಹಣವನ್ನು ಭವಿಷ್ಯ ಲೆಕ್ಕಕ್ಕೇ ಹಿಡಿಯಲಿಲ್ಲ. ಅದೇ ಹಣ ಬ್ಯಾಂಕಿನಲ್ಲಿದ್ದಿದ್ದರೆ ಹೊಸ ಯಂತ್ರಕ್ಕೆ ಮುಂಗಡವಾಗುತ್ತಿತ್ತು.

ಇನ್ನೊಂದು ವಾದ ಇದಕ್ಕಿಂತ ಚುರುಕು: “ರ‍್ಯಾಮ್ ಆಮ್ಯಾಲ ಹಾಕಸಬಹುದ್ರಿ, ಪ್ರೊಸೆಸರ್ ಹಾಕಸಾಕ ಬರಂಗಿಲ್ಲ.” ಅರ್ಧ ನಿಜ. ಆದರೆ ಇಂದಿನ ಅನೇಕ ತೆಳು ಲ್ಯಾಪ್‌ಟಾಪುಗಳಲ್ಲಿ ರ‍್ಯಾಮನ್ನೂ ಬೋರ್ಡಿಗೇ ಬೆಸೆದಿರುತ್ತಾರೆ. 8 ಜಿಬಿ ಕೊಂಡವರು ಕೊನೆಯವರೆಗೂ 8 ಜಿಬಿಯವರೇ. ಇಪ್ಪತ್ತು ಟ್ಯಾಬು, ಎಕ್ಸೆಲ್, ಮೀಟಿಂಗಿನ ವಿಡಿಯೊ ಒಟ್ಟಿಗೆ ತೆರೆದು ರ‍್ಯಾಮ್ ತುಂಬಿದಾಗ ಯಂತ್ರ ಡಿಸ್ಕಿನಲ್ಲಿ ಜಾಗ ಹುಡುಕಲು ಹೊರಡುತ್ತದೆ. ಆಗ ಐ-7 ಕೂಡ ಕೈಕಟ್ಟಿ ನಿಲ್ಲುತ್ತದೆ. ಆ ಡಿಸ್ಕು ಹಳೆಯ ತಿರುಗುವ ಬಗೆಯದಾಗಿದ್ದರೆ ಒಂದೊಂದು ಹುಡುಕಾಟಕ್ಕೆ ಹತ್ತು ಮಿಲಿಸೆಕೆಂಡಿನಷ್ಟು; ಎಸ್‌ಎಸ್‌ಡಿಯಲ್ಲಿ ಅದರ ನೂರರಲ್ಲೊಂದು ಪಾಲು. ಪ್ರೊಸೆಸರ್ ದರ್ಜೆ ಏರಿಸಿದರೆ ನೂರು ಪಟ್ಟು ಲಾಭ ಎಲ್ಲೂ ಸಿಗದು. ಹಾಗಾಗಿ ಕೈಯಲ್ಲಿ ಹೆಚ್ಚಿನ ಹದಿನೈದು ಸಾವಿರವಿದ್ದರೆ ಮೊದಲು 16 ಜಿಬಿ ರ‍್ಯಾಮ್, ಆಮೇಲೆ ಎಸ್‌ಎಸ್‌ಡಿ, ಆಮೇಲೆ ಕಣ್ಣಿಗೆ ಹಿತವಾದ ಪರದೆ. ಮಿಕ್ಕಿದ್ದಕ್ಕೆ ಕರದಂಟು.

ಹಾಗಾದರೆ ದುಬಾರಿ ಪ್ರೊಸೆಸರ್ ಯಾರಿಗೂ ಬೇಡವೇ? ಬೇಕು. ಲಗ್ನದ ಸೀಸನ್ನಿನಲ್ಲಿ ರಾತ್ರಿಯೆಲ್ಲ 4ಕೆ ವಿಡಿಯೊ ಹೊರತೆಗೆಯುವ ಸ್ಟುಡಿಯೊದವರಿಗೆ, ದೊಡ್ಡ ನಕಾಶೆಯನ್ನು ಮೂರು ಆಯಾಮದಲ್ಲಿ ತಿರುಗಿಸುವ ಎಂಜಿನಿಯರುಗಳಿಗೆ, ಭಾರಿ ಪ್ರೋಗ್ರಾಮನ್ನು ದಿನಕ್ಕೆ ಹತ್ತಾರು ಸಲ ಕಂಪೈಲ್ ಮಾಡುವವರಿಗೆ ಅದು ಅನ್ನದ ಪ್ರಶ್ನೆ. ಅವರು ಹೆಸರಿನ ಕೊನೆಗೆ ‘ಎಚ್’ ಇರುವ ಹೆಚ್ಚು ವ್ಯಾಟಿನದನ್ನೇ, ದಪ್ಪ ಮೈಯ, ಫ್ಯಾನು ಸದ್ದು ಮಾಡುವ ಯಂತ್ರದಲ್ಲೇ ಕೊಳ್ಳಲಿ. ತಾವು ಆ ಪಂಗಡದವರೋ ಅಲ್ಲವೋ ಎಂಬ ಅನುಮಾನವಿದ್ದರೆ ಅಂಗಡಿಯವರನ್ನು ಕೇಳಬೇಕಿಲ್ಲ, ಈಗಿರುವ ಯಂತ್ರವನ್ನೇ ಕೇಳಬಹುದು. ಅದು ನಿಧಾನವಾಗಿ ಸಿಟ್ಟು ಬರಿಸುವ ಹೊತ್ತಿಗೆ ಸರಿಯಾಗಿ ಟಾಸ್ಕ್ ಮ್ಯಾನೇಜರ್ ತೆರೆದು ನೋಡಿ. ಪ್ರೊಸೆಸರ್ ನಿಮಿಷಗಟ್ಟಲೆ ನೂರಕ್ಕೆ ನೂರು ದುಡಿಯುತ್ತಿದ್ದರೆ ಹಣ ಕೊಡಿ. ಮೆಮೊರಿ ತುಂಬಿದ್ದರೆ ರ‍್ಯಾಮಿಗೆ ಕೊಡಿ. ಡಿಸ್ಕೂ ಸೇರಿ ಎಲ್ಲ ಆರಾಮಾಗಿದ್ದರೆ ತಡ ಇಂಟರ್ನೆಟ್ಟಿನದೋ ಸರ್ವರಿನದೋ ನಮ್ಮದೋ ಆಗಿರಬೇಕು, ಅದಕ್ಕೆ ಅಂಗಡಿಯಲ್ಲಿ ಮದ್ದಿಲ್ಲ. ಇಷ್ಟೆಲ್ಲ ಆದಮೇಲೂ ಅಂಗೈ ಇಡುವ ಜಾಗದಲ್ಲಿ ಐ-7 ಎಂಬ ಸ್ಟಿಕ್ಕರ್ ಹೊಳೆಯಲೇಬೇಕು, ಬೀಗರು ಅದನ್ನು ನೋಡಲೇಬೇಕು ಎನ್ನುವವರು ಧಾರಾಳವಾಗಿ ಕೊಳ್ಳಲಿ. ಆ ಹದಿನೈದು ಸಾವಿರವನ್ನು ಟ್ಯಾಲಿಯಲ್ಲಿ ಬರೆಯುವಾಗ ಮಾತ್ರ ‘ಯಂತ್ರೋಪಕರಣ’ದ ಖಾತೆಗೆ ಹಾಕದೆ ‘ಒಡವೆ’ಯ ಖಾತೆಗೆ ಹಾಕಿದರೆ ಲೆಕ್ಕ ಸರಿಹೋಗುತ್ತದೆ.